ಯಾವ ಎಣ್ಣಿ?

ಮೊನ್ನೆ ರಾಯಚೂರಿನಲ್ಲಿ ಎಳೆಯ ಡಾಕ್ಟರುಗಳ ಒಂದು ಕೂಟಕ್ಕೆ ನನ್ನನ್ನು ಕರೆದಿದ್ದರು. ತುರ್ತು ಚಿಕಿತ್ಸೆಗೆ ಈಗ ಬೇರೆಯೇ ಎಂ.ಡಿ. ಪದವಿ ಬಂದಿದೆ. ನಮ್ಮ ಕಾಲದಲ್ಲಿ ಅದಕ್ಕೆ ಪದವಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಕ್ಯಾಜುವಾಲ್ಟಿ ಎಂದರೆ ಗೇಟಿನ ಪಕ್ಕದ ಕೋಣೆ, ಮೇಲಿನವರಿಗೆ ಬೇಡವಾದ ಡಾಕ್ಟರನ್ನು ಕೂರಿಸುವ ಜಾಗ. ಒಬ್ಬಳು ಎದ್ದು ನಿಂತು, "ಮೇಡಂ, ಆಗ ನಿಮ್ಮ ಹತ್ತಿರ ಇದ್ದ ಅತಿ ಮುಖ್ಯವಾದ ಉಪಕರಣ ಯಾವುದು?" ಎಂದು ಕೇಳಿದಳು. "ಕಿವಿ" ಎಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಕಿವಿ ಸರಿಯಾಗಿ ಕೆಲಸ ಮಾಡದೆ ಒಬ್ಬ ಮನುಷ್ಯ ಸತ್ತಿದ್ದಾನೆ. ಸತ್ತ ಮೇಲೆ ಅವನ ಹೆಸರನ್ನೂ ನಾನೇ ಕೆಡಿಸಿದೆ. ಸಭೆಯ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ಕಥೆ ಬೇಕಾದವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ನಾನು ತುಮಕೂರಿನವಳು. ಎಪ್ಪತ್ತರ ದಶಕದ ನಡುವೆ ಸರ್ಕಾರಿ ಕೆಲಸ ಸಿಕ್ಕಿ ರಾಯಚೂರಿಗೆ ಬಂದಿಳಿದೆ. ಮೊದಲ ದಿನವೇ ದೊಡ್ಡ ಸಾಹೇಬರು ನನ್ನ ಕಾಗದ ನೋಡಿ, "ಹೆರಿಗೆ ವಾರ್ಡಿಗೆ ಹೋಗಿ. ಲೇಡಿ ಡಾಕ್ಟರು ಅಂದ್ರೆ ಅದೇ ಕೆಲಸ" ಎಂದರು.

"ಸರ್, ನನಗೆ ಕ್ಯಾಜುವಾಲ್ಟಿ ಬೇಕು."

"ಅಲ್ಲಿ ರಕ್ತ, ಬೈಗುಳ. ಹೆಂಗಸರಿಂದ ಆಗೋದಲ್ಲ."

"ಹೆರಿಗೆ ವಾರ್ಡಿನಲ್ಲಿ ರಕ್ತ ಇರೋದಿಲ್ವಾ ಸರ್? ಬೈಗುಳ ಅಂತೂ ಅಲ್ಲೇ ಹೆಚ್ಚು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂರನೇ ದಿನಕ್ಕೆ ನನ್ನನ್ನು ದೇವದುರ್ಗದ ಕಡೆಯ ಒಂದು ಸಣ್ಣ ದವಾಖಾನೆಗೆ ಹಾಕಿದರು. ಅಲ್ಲಿ ಹೆರಿಗೆ, ಹಲ್ಲುನೋವು, ಚೇಳು ಕಡಿತ, ಮುರಿದ ಕೈ ಎಲ್ಲಕ್ಕೂ ಇದ್ದದ್ದು ಒಂದೇ ಕೋಣೆ, ಎರಡು ಮಂಚ. ಶಿಕ್ಷೆ ಎಂದು ಕಳಿಸಿದ್ದರು, ನನಗೆ ಬೇಕಾದದ್ದೇ ಸಿಕ್ಕಿತು.

ದವಾಖಾನೆಯನ್ನು ನಿಜವಾಗಿ ನಡೆಸುತ್ತಿದ್ದವರು ಕಂಪೌಂಡರ್ ಖಾಜಾಸಾಬರು. ನಾನು ಹುಟ್ಟುವ ಮೊದಲಿಂದ ಗಾಯ ಕಟ್ಟಿದವರು. "ಬಾಯಾರ, ನೀವು ಓದಿ ಬಂದೀರಿ, ನಾ ನೋಡಿ ಬಂದೀನಿ. ಇಬ್ಬರೂ ಕೂಡಿದ್ರ ಒಬ್ಬ ಪೂರಾ ಡಾಕ್ಟರ್ ಆಗ್ತೀವಿ" ಎಂದು ಮೊದಲ ದಿನವೇ ಹೇಳಿದರು. ಆ ಕಡೆ ಓದಿದ ಹೆಂಗಸರನ್ನು ಬಾಯಾರ ಎಂದು ಕರೆಯುತ್ತಾರೆ. ನನಗೆ ಮಾತ್ರ ಅವರ ಮಾತು ಕೇಳಿ ಒಳಗೊಳಗೇ ಉರಿಯಿತು. ಇಪ್ಪತ್ತಾರರ ವಯಸ್ಸು, ಕೈಯಲ್ಲಿ ಹೊಸ ಪದವಿ. ಅರ್ಧ ಡಾಕ್ಟರ್ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ಅದೊಂದು ಶುಕ್ರವಾರ. ಖಾಜಾಸಾಬರು ಜುಮ್ಮಾ ನಮಾಜಿಗೆ ಹೊರಟು ಹೋದ ಮೇಲೆ, ಇನ್ನೂ ಹನ್ನೆರಡು ಹೊಡೆದಿರಲಿಲ್ಲ, ಒಂದು ಬಂಡಿ ಬಂತು. ಬಂಡಿಯಲ್ಲಿ ಮೂವತ್ತರ ಒಬ್ಬ ಗಂಡಸು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಅಂಗಿಯ ತುಂಬ ವಾಂತಿ, ಮಾತು ತೊದಲು. ಹೆಸರು ಅಮರಪ್ಪ. ಜೊತೆಗೆ ಅವನ ಹೆಂಡತಿ ಹುಲಿಗೆಮ್ಮ.

"ಏನಾಯ್ತಮ್ಮ?"

"ಮುಂಜಾನಿಂದ ಎಣ್ಣಿ ಹೊಡದಾನ್ರೀ ಬಾಯಾರ. ಹೊಟ್ಟಿಗಿ ಏನೂ ತಿಂದಿಲ್ರೀ."

ಈಗ ನೀವೇ ಹೇಳಿ. ನಮ್ಮ ತುಮಕೂರಿನ ಕಡೆ ಕಾಲೇಜು ಹುಡುಗರು ಎಣ್ಣೆ ಹೊಡೆಯುವುದು ಎಂದರೆ ಒಂದೇ ಅರ್ಥ. ಸೀಸೆ ಖಾಲಿ ಮಾಡುವುದು. ನನಗೆ ಪಿತ್ತ ನೆತ್ತಿಗೇರಿತು.

"ಬೆಳಿಗ್ಗೆಯಿಂದ ಎಣ್ಣೆ ಹೊಡೆದಿದ್ದಾನೆ ಅಂತ ಹೇಳೋಕೆ ನಾಚಿಕೆ ಆಗಲ್ವಾ ನಿನಗೆ?"

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. "ನಾಚಿಕಿ ಯಾಕ್ರೀ? ದುಡಿಮಿ ಅಲ್ಲೇನ್ರೀ ಅದು? ಧಣ್ಯಾರ ಹೊಡಿ ಅಂದ್ರು, ಹೊಡದಾನ."

ಸರಿ ಹೋಯಿತು, ಧಣಿಯೇ ಕುಡಿಸುತ್ತಾನೆ, ಇವರು ಕುಡಿಯುವುದನ್ನೇ ದುಡಿಮೆ ಅನ್ನುತ್ತಾರೆ, ಎಂಥ ಸೀಮೆಗೆ ಬಂದೆನಪ್ಪಾ ಎಂದುಕೊಂಡೆ. ಮೈಯಿಂದ ಒಂದು ಘಾಟು ಬರುತ್ತಿತ್ತು. ಕಳ್ಳಭಟ್ಟಿಯ ವಾಸನೆ ಹೀಗೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸಿನಲ್ಲಿ ಒಮ್ಮೆ ಒಂದು ತೀರ್ಪು ಕೂತುಬಿಟ್ಟರೆ ಮೂಗೂ ಅದಕ್ಕೇ ಸಾಕ್ಷಿ ಹೇಳುತ್ತದೆ. ಗ್ಲೂಕೋಸ್ ಹಾಕಿ, ಮಗ್ಗುಲಿಗೆ ಮಲಗಿಸಿ, "ಇಳಿದ ಮೇಲೆ ಎಬ್ಬಿಸಿಕೊಂಡು ಹೋಗು" ಎಂದೆ. ರಿಜಿಸ್ಟರಿನಲ್ಲಿ 'ಅತಿ ಮದ್ಯಪಾನ' ಎಂದು ಬರೆದೆ. ಆಮೇಲೆ ಹಲ್ಲುನೋವಿನವರನ್ನು ನೋಡುತ್ತ ಕೂತೆ.

ಖಾಜಾಸಾಬರು ಬಂದಾಗ ಎರಡೂವರೆ. ಮಂಚದ ಹತ್ತಿರ ಹೋಗಿ ಅವನ ರೆಪ್ಪೆ ಬಿಡಿಸಿ ನೋಡಿದವರು ಅಲ್ಲಿಂದಲೇ ಕೂಗಿದರು. "ಬಾಯಾರ, ಇವ ಎಣ್ಣಿ ಹೊಡದಾನ್ರೀ!"

"ಅದನ್ನೇ ರಿಜಿಸ್ಟರಲ್ಲಿ ಬರೆದಿದ್ದೀನಿ."

ಅವರು ರಿಜಿಸ್ಟರು ನೋಡಿದರು. ಮುಖ ಬಿಳಿಚಿತು. "ಯಾ ಅಲ್ಲಾ! ಎಣ್ಣಿ ಹೊಡಿಯೋದು ಅಂದ್ರ ಕುಡಿಯೋದಲ್ರೀ ನಮ್ಮ ಕಡಿ. ಹತ್ತಿ ಹೊಲಕ್ಕ ಹುಳದ ಔಷಧ ಹೊಡಿಯೋದು!"

ಓಡಿದೆ. ಕಣ್ಣಿನ ಪಾಪೆಗಳು ಸೂಜಿಯ ಮೊನೆಯಷ್ಟಾಗಿದ್ದವು. ಕುಡಿದವನ ಕಣ್ಣು ಹಾಗಿರುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆದರೆ ಅವನ ರೆಪ್ಪೆ ಬಿಡಿಸಿ ನೋಡಿರಲೇ ಇಲ್ಲ! ಬೆನ್ನಿಗೆ ಪಂಪು ಕಟ್ಟಿಕೊಂಡು ಬಿಸಿಲಲ್ಲಿ ಸಾಲು ಸಾಲು ನಡೆದವನ ಅಂಗಿಯೆಲ್ಲ ವಿಷದಲ್ಲಿ ತೊಯ್ದಿತ್ತು. ಆ ಅಂಗಿಯಲ್ಲೇ ಅವನನ್ನು ಮೂರು ತಾಸು ಮಲಗಿಸಿದ್ದೆ. ಅಂಗಿ ಕತ್ತರಿಸಿ ಎಸೆದೆವು, ಸಾಬೂನು ಹಚ್ಚಿ ಮೈ ತೊಳೆದೆವು. ಈ ವಿಷಕ್ಕೆ ಮದ್ದೆಂದರೆ ಅಟ್ರೋಪಿನ್, ಬೀರುವಿನಲ್ಲಿದ್ದದ್ದು ಆರೇ ಆರು ಸೀಸೆ, ಅಷ್ಟನ್ನೂ ಕೊಟ್ಟೆ. ಸಾಲಲಿಲ್ಲ. ನಾಲ್ಕು ಗಂಟೆಗೆ ಅಮರಪ್ಪ ಸತ್ತ.

ಹುಲಿಗೆಮ್ಮ ಬಾಯಿ ಬಡಿದುಕೊಂಡು ಅತ್ತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅನ್ನಬೇಕೆಂದು ಅವಳಿಗೆ ಗೊತ್ತೂ ಇರಲಿಲ್ಲ.

ನನ್ನ ಮೇಲಿನ ವೈದ್ಯಾಧಿಕಾರಿ ಸಂಜೆ ಬಂದರು. ಎಲ್ಲ ಕೇಳಿ ರಿಜಿಸ್ಟರು ಮುಚ್ಚಿದರು. "ವಿಷ ಅಂತ ಬರೆದ್ರೆ ಪೊಲೀಸು, ಪಂಚನಾಮೆ, ಪೋಸ್ಟ್‌ಮಾರ್ಟಂ. ಆಮೇಲೆ ಮೂರು ತಾಸು ಏನು ಮಾಡ್ತಿದ್ರಿ ಅಂತ ನಿಮ್ಮನ್ನೇ ಕೇಳ್ತಾರೆ. ಬರೆದದ್ದು ಬರೆದ ಹಾಗೇ ಇರಲಿ." ನಾನು ಇರಲಿ ಎಂದೆ. ಹೌದು, ಇರಲಿ ಎಂದೆ! ಜೀವನದಲ್ಲಿ ಹಲವರಿಗೆ ಎದುರು ಮಾತಾಡಿದವಳು ನಾನು. ಆ ಸಂಜೆ ಮಾತ್ರ ಎದುರಾಡಲಿಲ್ಲ. ಧೈರ್ಯದ ಕಥೆ ಹೇಳಲು ಹೊರಟವಳು ಇದನ್ನು ಬಿಟ್ಟು ಹೇಳಿದರೆ ಅದು ಕಥೆಯಲ್ಲ, ಬುರುಡೆ.

ಹನ್ನೊಂದನೆಯ ದಿನ ಹುಲಿಗೆಮ್ಮ ಮತ್ತೆ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟು. ಬಿಚ್ಚಿದರೆ ತಂಬೂರಿ.

"ಇವ ನಮ್ಮೂರ ಭಜನಿ ಗುಡ್ಯಾಗ ತತ್ವಪದ ಹಾಡ್ತಿದ್ದಾರೀ. ಹಾಡೋರು ಸತ್ರ ಅವರ ತಂಬೂರಿ ಗುಡಿ ಗ್ವಾಡಿಗಿ ತೂಗಹಾಕ್ತಾರ, ವರ್ಷಕ್ಕೊಮ್ಮಿ ಹೆಸರು ಹಿಡದು ಹಾಡ್ತಾರ. ಇವಂದು ಹೊಳ್ಳಿ ಕಳಿಸ್ಯಾರ್ರೀ. ಧಣ್ಯಾರ ಮಂದಿ ಹೇಳ್ಯಾರಂತ, ಕುಡುದು ಸತ್ತಾನ, ದವಾಖಾನಿ ಬುಕ್ಕಿನಾಗೇ ಬರದಾರ ಅಂತ. ಅವ ಶೆರೆ ಮುಟ್ಟಿದಾವಲ್ರೀ ಬಾಯಾರ. ನೀವು ಹಂಗ ಬರದೀರೇನು?"

"ಬರೆದಿದ್ದೀನಿ."

"ಮತ್ತ ಅಳಸ್ರಿ."

ಸತ್ತ ಗಂಡನನ್ನು ಅವಳು ಕೇಳಲಿಲ್ಲ. ಪರಿಹಾರ ಕೇಳಲಿಲ್ಲ. ಗೋಡೆಯ ಮೇಲೆ ಒಂದು ತಂಬೂರಿಗೆ ಜಾಗ ಕೇಳಿದಳು. ಆ ಕ್ಷಣ ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ಅವಳ ಎದುರಿಗೇ ರಿಜಿಸ್ಟರು ತೆಗೆದೆ. ಅಳಿಸಲಿಲ್ಲ, ಅಳಿಸುವುದು ಕಳ್ಳರ ಕೆಲಸ. 'ಅತಿ ಮದ್ಯಪಾನ' ಎಂಬುದರ ಮೇಲೆ ಒಂದು ಗೆರೆ ಎಳೆದೆ, ಹಳೆಯದು ಓದುವಂತೆಯೇ ಬಿಟ್ಟೆ. ಪಕ್ಕದಲ್ಲಿ ನಡೆದದ್ದೆಲ್ಲ ಬರೆದು ಸಹಿ ಹಾಕಿದೆ. ಅದರ ನಕಲು ಮಾಡಿ ಅವಳ ಕೈಗೆ ಕೊಟ್ಟೆ.

ಅವಳು ಕಾಗದ ತಿರುವಿ ಮುರುವಿ ನೋಡಿದಳು. "ನಮ್ಮ ಮಂದ್ಯಾಗ ಇದನ್ನ ಯಾರು ಓದ್ತಾರ್ರೀ? ಬರದಾವರೇ ಬಂದು ಹೇಳಬೇಕು ಅಂತಾರ. ನೀವು ಬರ್ರಿ."

"ಬರ್ತೀನಿ" ಎಂದೆ.

ಮೇಲಿನಿಂದ ಮೆಮೋ ಬಂತು. ಸರ್ಕಾರಿ ದಾಖಲೆ ತಿದ್ದಿದ್ದೇಕೆ ಎಂದು ಕೇಳಿದ್ದರು. "ತಪ್ಪು ಬರೆದಿದ್ದೆ, ತಿದ್ದಿದ್ದೇನೆ. ಇನ್ನೊಮ್ಮೆ ತಪ್ಪು ಬರೆದರೆ ಇನ್ನೊಮ್ಮೆ ತಿದ್ದುತ್ತೇನೆ" ಎಂದು ಉತ್ತರ ಬರೆದೆ. ಖಾಜಾಸಾಬರು ಅದನ್ನು ಓದಿ, "ಬಾಯಾರ, ಇದು ಜವಾಬಲ್ಲ, ಜಗಳ" ಎಂದರು. ನನ್ನ ಸರ್ವೀಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು, ಮಾನ್ವಿಗೆ ವರ್ಗವಾಯಿತು. ಆ ಕೆಂಪು ಸಾಲಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ವರ್ಗದ ಆದೇಶ ಕೈಗೆ ಬಂದಾಗ ಒಳಗೊಳಗೇ ಹಾಯೆನಿಸಿತು, ಏಕೆಂದರೆ ಇನ್ನು ಆ ಗುಡಿಗೆ ಹೋಗಬೇಕಾಗಿಲ್ಲ. ಸಾಹೇಬರುಗಳ ಮುಂದೆ ಹುಲಿ, ಆ ಭಜನೆಯ ಮಂದಿಯ ಮುಂದೆ ಬೆಕ್ಕು. ಹೋಗಲೇ ಇಲ್ಲ ನಾನು.

ಮಾನ್ವಿಯಲ್ಲಿ ನನ್ನ ಮೊದಲ ಜಗಳ ಯಾದಿಯ ಮೇಲೆ. ಯಾದಿ ಎಂದರೆ ಗಾಯಾಳುವನ್ನು ನೋಡಿ ಎಂದು ಪೊಲೀಸರು ಡಾಕ್ಟರಿಗೆ ಬರೆಯುವ ಚೀಟಿ. ಹೊಡೆದಾಟ, ಅಪಘಾತವಾದರೆ ಆ ಚೀಟಿ ಬರುವ ತನಕ ಗಾಯ ಮುಟ್ಟಬಾರದು ಎಂದು ಎಲ್ಲರೂ ನಂಬಿದ್ದರು. ಕಾನೂನಿನಲ್ಲಿ ಹಾಗೆಲ್ಲೂ ಇಲ್ಲ, ಭಯದಲ್ಲಿ ಇತ್ತು. ಲಾರಿ ಬಡಿದು ತೊಡೆ ಸೀಳಿದವನೊಬ್ಬ ಬಾಗಿಲಲ್ಲಿ ಬಿದ್ದಿದ್ದ. ಗುಮಾಸ್ತರು ಅಡ್ಡ ನಿಂತರು.

"ಯಾದಿ ಬಂದಿಲ್ರೀ ಮೇಡಂ."

"ರಕ್ತ ಬಂದಿದೆ, ಅದು ಸಾಕು."

ಹೊಲಿಗೆ ಹಾಕಿ ಮುಗಿಸುವ ಹೊತ್ತಿಗೆ ಪೊಲೀಸಿನವನು ಬಂದ. ಬೈಯುತ್ತಾನೆಂದು ಕಾದಿದ್ದೆ. "ಛಲೋ ಆತು ಬಿಡ್ರಿ, ಇವ ಉಳದಾನ, ಪಂಚನಾಮಿ ಬರಿಯೋದು ತಪ್ಪಿತು" ಎಂದು ಚಹ ಕುಡಿದು ಹೋದ. ಎಷ್ಟು ಜನ ಎಷ್ಟು ವರ್ಷ ಸುಮ್ಮಸುಮ್ಮನೆ ಒಬ್ಬರಿಗೊಬ್ಬರು ಹೆದರಿ ಕೂತಿದ್ದರಪ್ಪಾ!

ಚೇಳಿನ ಮಂತ್ರ ಹಾಕುವ ಒಬ್ಬ ಮುದುಕನಿದ್ದ. ಅವನನ್ನು ಓಡಿಸಿ ಎಂದು ಹಿರಿಯ ಡಾಕ್ಟರರ ಅಪ್ಪಣೆ. ನಾನು ಓಡಿಸಲಿಲ್ಲ, ಒಂದು ಸ್ಟೂಲು ಕೊಟ್ಟೆ. ಅವನು ಬೇವಿನ ಸೊಪ್ಪು ಆಡಿಸುತ್ತಿದ್ದರೆ ಕಡಿಸಿಕೊಂಡವನು ಅಲುಗಾಡದೆ ಕೂರುತ್ತಿದ್ದ, ಅಷ್ಟರಲ್ಲಿ ನನ್ನ ಸೂಜಿ ಕೆಲಸ ಮುಗಿಸುತ್ತಿತ್ತು. ಹೊರಗೆ ಹೋಗಿ, "ನಾನೇ ಇಳಿಸಿದೆ" ಎಂದು ಅವನು ಹೇಳಿಕೊಂಡರೆ ನನ್ನ ಗಂಟೇನು ಹೋಯಿತು? ಒಂದೇ ಕರಾರು ಮಾಡಿದ್ದೆ. ಯಾರ ಮನೆಗೆ ಕರೆದರೂ ಮಂತ್ರ ಅಲ್ಲಿ ಹಾಕಬಾರದು, ರೋಗಿಯನ್ನು ಇಲ್ಲಿಗೇ ತರಬೇಕು. ತಂದ ಪುಣ್ಯಾತ್ಮ, ಒಮ್ಮೆಯೂ ತಪ್ಪಲಿಲ್ಲ.

ಹತ್ತಿಯ ಕಾಲ ಬಂದರೆ ಎಣ್ಣಿಯವರು ಬರುತ್ತಿದ್ದರು. ಈಗ ನನ್ನ ಮೊದಲ ಪ್ರಶ್ನೆ ಒಂದೇ. "ಯಾವ ಎಣ್ಣಿ?" ದೀಪದ್ದು, ಎಂದರೆ ಸೀಮೆಎಣ್ಣೆ ಕುಡಿದಿದ್ದರೆ ಹೊಟ್ಟೆ ತೊಳೆಯಬಾರದು, ತೊಳೆದರೆ ಪುಪ್ಪುಸಕ್ಕೆ ಹೋಗುತ್ತದೆ. ಹೊಲದ್ದು ಕುಡಿದಿದ್ದರೆ ತೊಳೆಯಲೇಬೇಕು. ಹೊಡೆಯುವಾಗ ಮೈಮೇಲೆ ಬಿದ್ದಿದ್ದರೆ ಮೊದಲು ಬಟ್ಟೆ ಕಿತ್ತೆಸೆಯಬೇಕು. ಶೆರೆ ಅಂಗಡಿಯದಾದರೆ ಮಲಗಿಸಿದರೂ ಸಾಕು. ಒಂದೇ ಮಾತು, ನಾಲ್ಕು ದಾರಿ. ಅಟ್ರೋಪಿನ್ ಹೆಚ್ಚು ಬೇಕೆಂದು ತಿಂಗಳು ತಿಂಗಳು ಪತ್ರ ಬರೆದೆ. "ಈ ಹೆಂಗಸಿಗೆ ಅಟ್ರೋಪಿನ್ ಹುಚ್ಚು" ಎಂದು ಜಿಲ್ಲೆಯಲ್ಲಿ ನಗುತ್ತಿದ್ದರಂತೆ. ಮಾನ್ವಿಯಲ್ಲಿ ಆ ಹುಚ್ಚಿನಿಂದ ಬದುಕಿ ಎದ್ದು ಮನೆಗೆ ನಡೆದುಕೊಂಡು ಹೋದವರು ನಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ನಿಜ. ಬಂದ ಬುದ್ಧಿಯನ್ನು ಬಿಡಲು ನಾನು ತಯಾರಿರಲಿಲ್ಲ.

ಎಂಬತ್ತರ ದಶಕದಲ್ಲಿ ರಾಯಚೂರಿನ ಒಂದು ದೊಡ್ಡ ದವಾಖಾನೆಯ ಕ್ಯಾಜುವಾಲ್ಟಿ ಕೊನೆಗೂ ನನ್ನ ಕೈಗೆ ಬಂತು. ಬೆಂಗಳೂರಿನಿಂದ ಒಬ್ಬ ಹೊಸ ಡಾಕ್ಟರ್ ಬಂದಿದ್ದ, ಚುರುಕು, ಇಂಗ್ಲಿಷು ಅರಳು ಹುರಿದ ಹಾಗೆ. ಒಂದು ಮಧ್ಯಾಹ್ನ ಗುಂಜಹಳ್ಳಿಯ ಒಬ್ಬ ಮುದುಕಿಯನ್ನು "ಹುಳಾ ಮುಟ್ಟ್ಯಾದ್ರೀ" ಎಂದು ಹೊತ್ತು ತಂದರು. ಇವನು ಗಂಭೀರವಾಗಿ ಜಂತುಹುಳದ ಮಾತ್ರೆ ಬರೆದ. ಹಾವಿನ ಹೆಸರು ಹೇಳಬಾರದೆಂದು ಜನ ಹುಳ ಅನ್ನುತ್ತಾರೆ ಮಾರಾಯ! ಕಾಲು ಬಾವು ಬಂದು ಕುಂಬಳಕಾಯಾಗಿತ್ತು. ಪುಣ್ಯಕ್ಕೆ ನಾನು ಅಲ್ಲೇ ಇದ್ದೆ, ಮುದುಕಿ ಉಳಿದಳು. ಹುಡುಗ ಮೂಲೆಯಲ್ಲಿ ನಿಂತು ಅತ್ತ. ನಾನು ಬೈಯಲಿಲ್ಲ. ಬೈಯುವ ಬಾಯಿ ನನಗೆಲ್ಲಿತ್ತು?

ಮರುದಿನವೇ ಪೇಂಟರನನ್ನು ಕರೆಸಿ, ಡಾಕ್ಟರು ಕೂರುವ ಕುರ್ಚಿಯ ಎದುರಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿದೆ: 'ಯಾವ ಎಣ್ಣಿ? ದೀಪದ್ದೋ, ಹೊಲದ್ದೋ, ಅಂಗಡಿದ್ದೋ? ಕುಡದಾರೋ, ಹೊಡದಾರೋ? ಯಾವ ಹುಳಾ? ಕಣ್ಣು ಬಿಡಿಸಿ ನೋಡು.'

ಸಾಹೇಬರು ನೋಡಿ ಕೆಂಡವಾದರು. "ಸರ್ಕಾರಿ ಗೋಡೆ ಮೇಲೆ ಇದೇನು ಹಳ್ಳಿಭಾಷೆ? ಶುದ್ಧ ಕನ್ನಡ ಬರೋದಿಲ್ವೇನು ನಿಮಗೆ?"

"ಬರುತ್ತೆ ಸರ್. ಅದರಲ್ಲೇ ಒಬ್ಬನನ್ನು ಕೊಂದಿದ್ದೀನಿ."

ಸುಣ್ಣ ಬಳಿಸಿದರು. ನಾನು ಮತ್ತೆ ಬರೆಸಿದೆ. ಮಂತ್ರಿಗಳು ಬರುತ್ತಾರೆಂದು ಮತ್ತೆ ಬಳಿಸಿದರು. ಮಂತ್ರಿಗಳ ಕಾರು ಗೇಟು ದಾಟುವುದನ್ನೇ ಕಾದಿದ್ದು ಮೂರನೇ ಸಲ ನಾನೇ ಕುಂಚ ಹಿಡಿದೆ. ಅಕ್ಷರ ಸೊಟ್ಟಗಾದವು. ಇರಲಿ, ಆಮೇಲೆ ಯಾರೂ ಮುಟ್ಟಲಿಲ್ಲ.

ಆ ಸೊಟ್ಟ ಅಕ್ಷರದ ಎದುರಿಗೇ ಒಂದು ದಿನ ಹುಲಿಗೆಮ್ಮ ಬಂದು ನಿಂತಳು. ಕೂದಲು ನೆರೆತಿತ್ತು, ನಾನು ತಕ್ಷಣ ಗುರುತು ಹಿಡಿದೆ. ಯಾರನ್ನೋ ತೋರಿಸಲು ಬಂದಿದ್ದಳು. "ಕೈಬರಹ ನಿಮ್ಮದಂತ ಹೇಳ್ಯಾರ ಹೊರಗ. ಏನು ಬರದೀರಿ?" ಎಂದಳು. ಓದಿ ಹೇಳಿದೆ.

ಅವಳು ಗೋಡೆಗೆ ಬೆನ್ನು ಮಾಡಿ ನಿಂತಳು. "ಗ್ವಾಡಿಗಿ ಹೇಳೀರಿ ಬಾಯಾರ. ನಮ್ಮ ಮಂದಿಗಿ ಹೇಳಿಲ್ಲ."

"ತಂಬೂರಿ?"

"ನಮ್ಮ ಮನಿ ಜಂತ್ಯಾಗ ಅದ. ವರ್ಷಾ ಎಲ್ಲಾರ ಹೆಸರೂ ಹಿಡದು ಹಾಡ್ತಾರ. ನಾ ಹೊರಗ ಕುಂತು ಕೇಳ್ತೀನಿ. ಇವನ ಹೆಸರು ಬರಂಗಿಲ್ಲ."

ಎಂಟು ವರ್ಷ ಅವಳು ಹೊರಗೆ ಕೂತು ಕೇಳಿದ್ದಳು. ನಾನು ಕೆಂಪು ಸಾಲಿನ ಹೆಮ್ಮೆ ಮೆರೆಯುತ್ತ ಓಡಾಡಿದ್ದೆ.

ಮುಂದಿನ ಸೋಮವಾರ, ಅವರ ಭಜನೆಯ ದಿನ, ರಜೆ ಹಾಕಿ ಮಸರಕಲ್ಲಿನವರೆಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ಅವಳ ಹಳ್ಳಿಗೆ ನಡಿಗೆ. ಗುಡಿಯಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಗೋಡೆಯ ಮೇಲೆ ಸಾಲಾಗಿ ತಂಬೂರಿಗಳು. ಭಜನೆಯ ಹಿರಿಯ ಈರಯ್ಯಜ್ಜ ಕಂಬಕ್ಕೆ ಒರಗಿದ್ದ. ಹುಲಿಗೆಮ್ಮ ತನ್ನ ತಂಬೂರಿ ಮಡಿಲಲ್ಲಿಟ್ಟುಕೊಂಡು ಈ ಸಲ ಒಳಗೇ ಕೂತಿದ್ದಳು. ಅವಳು ಜೋಪಾನ ಮಾಡಿಟ್ಟಿದ್ದ ಕಾಗದವನ್ನು ಬಿಚ್ಚಿ ನಾನು ಓದಿದೆ. "ಸದರಿ ರೋಗಿಯು ಮದ್ಯಪಾನ ಮಾಡಿರಲಿಲ್ಲ. ಕೀಟನಾಶಕದ ಸಂಪರ್ಕದಿಂದ ಮರಣ ಹೊಂದಿರುತ್ತಾನೆ..."

"ಅಂದ್ರ ಏನ್ರೀ ಯವ್ವಾ?" ಎಂದ ಈರಯ್ಯಜ್ಜ. "ನಮಗ ತಿಳಿಯೂ ಹಂಗ ಹೇಳ್ರಿ."

ಕಾಗದ ಮಡಿಚಿದೆ.

"ಅಮರಪ್ಪ ಕುಡದಿದ್ದಿಲ್ರೀ. ಎಣ್ಣಿ ಹೊಡದಿದ್ದ, ಹೊಲಕ್ಕ. ಹುಲಿಗೆಮ್ಮ ಖರೇನ ಹೇಳಿದ್ಲು. ನಿಮ್ಮ ಮಾತು ನನಗ ತಿಳೀಲಿಲ್ಲ, ತಿಳಕೊಳ್ಳಾಕ ನಾ ಕೇಳಲೂ ಇಲ್ಲ. ಕುಡುಕ ಅಂತ ಬರದೆ, ಹಂಗೇ ಮಲಗಿಸಿದೆ. ಕೇಳಿದ್ರ ಉಳೀತಿದ್ನೋ ಏನೋ. ತಪ್ಪು ಅವಂದಲ್ಲ, ನಂದು."

ಹಿಂದಿನಿಂದ ಯಾರಾದರೂ ಬೈಯಲಿ, ಎದ್ದು ಹೊಡೆಯಲಿ ಎಂದು ಕಾದೆ. ಹುಲಿಗೆಮ್ಮನೇ ಬಾಯಿ ತೆರೆದಳು.

"ಇನ್ನೊಮ್ಮಿ ಹೇಳ್ರಿ ಬಾಯಾರ. ಹಿಂದ ಕುಂತೋರಿಗಿ ಕೇಳಿಲ್ಲ."

ಹೇಳಿದೆ, ಜೋರಾಗಿ. ಹೊರಗೆ ಬಾಗಿಲಲ್ಲಿ ನಿಂತವರಿಗೂ ಕೇಳಲಿ ಎಂದು ಅವಳು ಮತ್ತೊಮ್ಮೆ ಹೇಳಿಸಿದಳು. ಮೂರನೆಯ ಸಲ ಮುಗಿದ ಮೇಲೆ ಈರಯ್ಯಜ್ಜ ಎದ್ದು ಬಂದು ಅವಳ ಮಡಿಲಿನಿಂದ ತಂಬೂರಿ ತೆಗೆದುಕೊಂಡು, ತಂತಿಯ ದೂಳನ್ನು ಪಂಚೆಯ ಸೆರಗಿನಿಂದ ಒರೆಸಿ, ಗೋಡೆಯ ಗೂಟಕ್ಕೆ ತೂಗುಹಾಕಿದ. "ಅಮರಪ್ಪಾ" ಎಂದು ಗಟ್ಟಿಯಾಗಿ ಹೆಸರು ಹಿಡಿದ. ಭಜನೆ ಶುರುವಾಯಿತು.

ಮುಗಿದ ಮೇಲೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಹುಲಿಗೆಮ್ಮ ಬಂದು ಅಡ್ಡ ನಿಂತಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ. ಚಾ ಮಾಡೀನಿ. ಕುಡದು ಹೋಗ್ರಿ."

ಕುಡಿದು ಬಂದೆ.